ಧಾರವಾಡಕ್ಕೆ ಹೋಗಿಬಂದ ಡಬ್ಬಿ

ಮೈಸೂರಿನ ಈ ಹಾಸ್ಟೆಲ್ ಕೋಣೆಗೆ ನಾನು ಬಂದ ದಿನವೇ ಚೈತ್ರಾಳ ಕಣ್ಣು ನನ್ನ ಡಬ್ಬಿಯ ಮೇಲೆ ಬಿತ್ತು. ಚೈತ್ರಾ ನನ್ನ ಕೋಣೆಯ ಜೊತೆಗಾತಿ. ಪುತ್ತೂರಿನ ಕಡೆಯ ಹುಡುಗಿ, ಅಣಬೆಗಳ ಮೇಲೆ ಸಂಶೋಧನೆ ಮಾಡುತ್ತಾಳೆ, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವಳು. ನಾನು ಬಾಗಿಲಲ್ಲಿ ಬ್ಯಾಗು ಇಳಿಸುತ್ತಿದ್ದಾಗ ಯಾರದೋ ತಾಯಿ ಎಂದು ತಿಳಿದು, ನಿಮ್ಮ ಮಗಳು ಹಿಂದೆ ಬರುತ್ತಿದ್ದಾಳಾ ಆಂಟಿ ಎಂದು ಕೇಳಿದಳು. ಮಗಳು ಬೈಲಹೊಂಗಲದಲ್ಲಿ ಆರನೆಯ ತರಗತಿ ಓದುತ್ತಿದ್ದಾಳೆ, ಹಾಸ್ಟೆಲ್ ಸೇರಲು ಬಂದವಳು ನಾನೇ ಎಂದೆ. ಪಾಪ, ಹುಡುಗಿ ಅಂದಿನಿಂದ ಇಂದಿನವರೆಗೆ ಆ ಒಂದು ಮಾತಿಗಾಗಿ ನನಗೆ ದಿನಾ ಚಹಾ ಮಾಡಿಕೊಡುತ್ತಿದ್ದಾಳೆ. ನಾನೂ ಬೇಡ ಎನ್ನುವುದಿಲ್ಲ.

ಡಬ್ಬಿಯ ಮಾತು ಹೇಳುತ್ತಿದ್ದೆ. ಅಗಲವಾದ, ಗುಂಡಗಿನ, ಅಲ್ಯೂಮಿನಿಯಂ ಡಬ್ಬಿ. ಮುಚ್ಚಳಕ್ಕೆ ತಗ್ಗು ಬಿದ್ದಿದೆ. ಕೊಂಡಿ ಒಂದು ಕಡೆ ಮಾತ್ರ ಹಿಡಿಯುತ್ತದೆ, ಇನ್ನೊಂದು ಕಡೆ ಸುತಳಿ ಕಟ್ಟಬೇಕು. ಸುತ್ತಲೂ ಬೆರಳಗಲದ ಕೆಂಪು ಪಟ್ಟಿ. ಅದು ಕಾರಹುಣ್ಣಿಮೆಯಲ್ಲಿ ಎತ್ತಿನ ಕೊಂಬಿಗೆ ಹಚ್ಚಿ ಉಳಿದ ಬಣ್ಣ. ಚೈತ್ರಾ ಇದನ್ನು ನೋಡಿ, ಅಕ್ಕಾ, ಇಂಥದ್ದು ಈಗ ಮ್ಯೂಸಿಯಮ್ಮಿನಲ್ಲೂ ಸಿಗುವುದಿಲ್ಲ, ಇದನ್ನು ಯಾಕೆ ಹೊತ್ತು ತಂದಿರಿ ಎಂದಳು. ಈ ವಿಶ್ವವಿದ್ಯಾಲಯವನ್ನು ನನಗೆ ಆರಿಸಿಕೊಟ್ಟದ್ದೇ ಈ ಡಬ್ಬಿ ಎಂದೆ. ಅವಳು ನಕ್ಕಳು. ನಾನು ಹೇಳಿದ್ದು ಮಾತ್ರ ಅಕ್ಷರಶಃ ನಿಜ.

ಚೈತ್ರಾ ವಿಶ್ವವಿದ್ಯಾಲಯ ಆರಿಸಿದ ರೀತಿಯನ್ನು ನನಗೆ ಲ್ಯಾಪ್‌ಟಾಪಿನಲ್ಲಿ ತೋರಿಸಿದ್ದಾಳೆ. ಸಾಲು ಸಾಲಾಗಿ ವಿಶ್ವವಿದ್ಯಾಲಯಗಳು, ಎದುರಿಗೆ ಅವುಗಳ ಗ್ರೇಡು, ಪ್ರಯೋಗಾಲಯ, ಗೈಡುಗಳ ಪ್ರಬಂಧಗಳು, ಹಾಸ್ಟೆಲಿನ ಊಟಕ್ಕೆ ಎಷ್ಟು ನಕ್ಷತ್ರ, ಎಲ್ಲವೂ ಬಣ್ಣಬಣ್ಣದಲ್ಲಿ. ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಇಷ್ಟೆಲ್ಲ ಕಾಲಮ್ಮು ಇಲ್ಲ. ನಮ್ಮದು ಒಂದೇ ಕಾಲಮ್ಮು: ಅಲ್ಲಿಗೆ ಬುತ್ತಿ ಮುಟ್ಟುತ್ತದೋ ಇಲ್ಲವೋ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ನಮ್ಮ ಕಡೆಯ ಹುಡುಗರು ಧಾರವಾಡದಲ್ಲೋ ಬೆಳಗಾವಿಯಲ್ಲೋ ಕೋಣೆ ಹಿಡಿದು ಓದುತ್ತಾರೆ, ಊಟ ಮಾತ್ರ ಮನೆಯದೇ. ನಸುಕಿನಲ್ಲಿ ತಾಯಂದಿರು ರೊಟ್ಟಿ ಬಡಿದು, ಪಲ್ಯ, ಶೇಂಗಾ ಚಟ್ನಿ ಇಟ್ಟು ಡಬ್ಬಿ ಕಟ್ಟುತ್ತಾರೆ. ಮನೆಯಲ್ಲಿ ಯಾರಾದರೂ ಅದನ್ನು ಮೊದಲ ಬಸ್ಸಿಗೆ ಒಯ್ದು ಇಡುತ್ತಾರೆ. ಅತ್ತ ಹುಡುಗ ನಿಲ್ದಾಣಕ್ಕೆ ಬಂದು ತನ್ನ ಡಬ್ಬಿ ಎತ್ತಿಕೊಂಡು, ನಿನ್ನೆಯ ಖಾಲಿ ಡಬ್ಬಿಯನ್ನು ಮರಳುವ ಬಸ್ಸಿಗೆ ಇಡುತ್ತಾನೆ. ರಾಮದುರ್ಗದಲ್ಲಿ ನಾನು ಚಿಕ್ಕವಳಿದ್ದಾಗ ನಮ್ಮಣ್ಣನ ಬುತ್ತಿಯನ್ನು ಬಸ್ಸಿಗೆ ಇಡುವ ಕೆಲಸ ನನ್ನದಾಗಿತ್ತು. ಡ್ರೈವರನ ಪಕ್ಕದ ಎಂಜಿನ್ನಿನ ಮೇಲೆ ಡಬ್ಬಿಗಳ ಗೋಪುರ. ಬಿಸಿ ರೊಟ್ಟಿಯ ವಾಸನೆಗೆ ಡೀಸೆಲ್ಲಿನ ವಾಸನೆ ಸೇರಿ ಒಂದು ಮೂರನೆಯ ವಾಸನೆ ಬರುತ್ತಿತ್ತು. ವಿದ್ಯೆಯ ವಾಸನೆ ಎಂದರೆ ಇದೇ ಇರಬೇಕು ಎಂದು ನಾನು ಬಹಳ ದಿನ ನಂಬಿದ್ದೆ.

ನನ್ನ ಮೇಜಿನ ಮೇಲಿರುವ ಡಬ್ಬಿ ನಮ್ಮ ಅತ್ತೆಯದು. ನನ್ನ ಗಂಡ, ಅವರ ಅಣ್ಣ ಇಬ್ಬರೂ ಧಾರವಾಡದಲ್ಲಿ ಓದುವಾಗ ಒಬ್ಬರಾದ ಮೇಲೆ ಒಬ್ಬರಿಗೆ ಇದು ಹೋಗಿಬಂದಿದೆ. ಕೆಂಪು ಪಟ್ಟಿಯ ಹಿಂದೆಯೂ ಒಂದು ಕಥೆಯಿದೆ. ಒಮ್ಮೆ ನಿಲ್ದಾಣದಲ್ಲಿ ಡಬ್ಬಿ ಅದಲುಬದಲಾಯಿತು. ಅತ್ತೆ ಕಳಿಸಿದ್ದು ಮೆಂತ್ಯದ ಪಲ್ಯ. ನನ್ನ ಗಂಡನ ಕೈಗೆ ಬಂದದ್ದು ತತ್ತಿಯ, ಅಂದರೆ ಮೊಟ್ಟೆಯ ಸಾರು. ದಿನಾ ವಿಭೂತಿ ಹಚ್ಚದೆ ನೀರು ಕುಡಿಯದ ಮನೆ ನಮ್ಮದು. ಮಹಾಶಯರು ಏನು ಮಾಡಿದರು ಅಂತೀರಿ? ಚಟ್ನಿಯೂ ಬಿಡದೆ ಉಂಡು, ಆ ವಾರ ಊರಿಗೆ ಬಂದಾಗ, ಮಂಗಳವಾರದ ಪಲ್ಯ ಭಾಳ ಚಲೋ ಆಗಿತ್ತು ಎಂದು ತಾಯಿಗೆ ಹೇಳಿದರು. ಅಷ್ಟರಲ್ಲಿ ಆ ಮನೆಯ ಡಬ್ಬಿ ಅತ್ತೆಯ ಕೈಗೆ ಬಂದು, ಅವರು ಅದನ್ನು ಮೂಸಿ ನೋಡಿ, ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿ, ಯಾರದೆಂದು ಹುಡುಕಿ ಮುಟ್ಟಿಸಿಯೂ ಆಗಿತ್ತು. ಮಗನಿಗೆ ಒಂದು ಮಾತೂ ಅನ್ನಲಿಲ್ಲ. ತಮ್ಮ ಡಬ್ಬಿ ಮರಳಿ ಬಂದ ಮೇಲೆ ಎತ್ತಿನ ಕೊಂಬಿನ ಬಣ್ಣ ತಂದು ಪಟ್ಟಿ ಬಳಿದರು, ಅಷ್ಟೇ. ಸಿಟ್ಟನ್ನು ಹೀಗೆ ಬಣ್ಣ ಮಾಡಿ ಬಳಿಯುವುದು ಅತ್ತೆಗೆ ಮೊದಲಿನಿಂದಲೂ ಬರುತ್ತದೆ.

ಆದರೆ ಒಂದು ವಿಷಯದಲ್ಲಿ ಅವರದು ಕಟ್ಟುನಿಟ್ಟು. ಯಾರ ಮನೆಯ ಪಾತ್ರೆಯೂ ನಮ್ಮ ಮನೆಯಿಂದ ಖಾಲಿ ಮರಳಬಾರದು. ತತ್ತಿಯ ಡಬ್ಬಿಯನ್ನೂ ಅವರು ಒಂದು ಹಿಡಿ ಸಕ್ಕರೆ ಹಾಕಿಯೇ ಕೊಟ್ಟಿದ್ದರು. ಬರೇ ಭಾಂಡೆ, ಎಂದರೆ ಖಾಲಿ ಪಾತ್ರೆ, ಕೊಡುವವರೊಂದಿಗೆ ಬೀಗತನ ಬೇಡ ಎನ್ನುವುದು ಅವರ ಸಿದ್ಧಾಂತ.

ಇನ್ನು ನನ್ನ ಸಮಾಚಾರ. ಬೈಲಹೊಂಗಲದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸಸ್ಯಶಾಸ್ತ್ರ ಹೇಳುತ್ತಿದ್ದೆ. ವರ್ಷಗಟ್ಟಲೆ ಒಂದೇ ಕಡೆ ಇದ್ದು ಅತಿಥಿ ಎನಿಸಿಕೊಳ್ಳುವವರು ನಾವು ಮಾತ್ರ ಇರಬೇಕು. ಪಿಎಚ್‌ಡಿ ಮಾಡಬೇಕೆಂಬ ಆಸೆಗೆ ನೌಕರಿಯೂ ಒಂದು ಕಾರಣ, ಸುಳ್ಳೇಕೆ ಹೇಳಲಿ. ಆದರೆ ಅದಕ್ಕೂ ಹಳೆಯ ಕಾರಣ ಇನ್ನೊಂದಿತ್ತು. ಸಣ್ಣವಳಿದ್ದಾಗ ಸವದತ್ತಿಯ ಹತ್ತಿರದ ಅಜ್ಜನ ಕಪ್ಪು ಮಣ್ಣಿನ ಎರೆಹೊಲದಲ್ಲಿ ಕಸ ತೆಗೆಯುವ ಹೆಂಗಸರ ಹಿಂದೆ ನಾನೂ ಹೋಗುತ್ತಿದ್ದೆ. ಅವರು ಕಿತ್ತು ಬದುವಿಗೆ ಎಸೆದದ್ದನ್ನು ನಾನು ಆರಿಸಿಕೊಂಡು ಲಂಗದಲ್ಲಿ ತುಂಬಿಕೊಂಡು ಬರುತ್ತಿದ್ದೆ. ಪುಸ್ತಕದಲ್ಲಿ ಕಳೆ, ನಮ್ಮ ಬಾಯಲ್ಲಿ ಕಸ. ಬಿತ್ತದೆ, ನೀರುಣಿಸದೆ, ಬೈಸಿಕೊಂಡು ಬೆಳೆಯುವ ಆ ಗಿಡಗಳ ಮೇಲೆ ನನಗೆ ಆಗಿನಿಂದಲೂ ಒಂದು ಮರುಕ. ಓದಿದರೆ ಅವುಗಳನ್ನೇ ಓದಬೇಕು ಎಂದುಕೊಂಡಿದ್ದೆ.

ಕೊನೆಗೆ ಎರಡು ಕಡೆ ಸೀಟು ಸಿಕ್ಕಿತು. ಒಂದು ಧಾರವಾಡ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ಮನೆ. ಅಲ್ಲಿಯ ಸರ್ ಒಳ್ಳೆಯವರು, ನೇರವಾಗಿಯೇ ಹೇಳಿದರು, ನನ್ನದು ಪಾಚಿ, ಕಳೆಯ ಬಗ್ಗೆ ನಾನು ದಾರಿ ತೋರಿಸಲಾರೆ, ನೀವು ಪಾಚಿ ಮಾಡುವುದಾದರೆ ಸಂತೋಷ ಎಂದು. ಇನ್ನೊಂದು ಮೈಸೂರು. ಅಲ್ಲಿಯ ಮೇಡಂ ಕಳೆಗಳ ಮೇಲೆಯೇ ಕೆಲಸ ಮಾಡುವವರು. ನಿಮ್ಮ ಎರೆಭೂಮಿಯ ಕಳೆಗಳನ್ನು ಇನ್ನೂ ಯಾರೂ ಸರಿಯಾಗಿ ನೋಡಿಲ್ಲ, ಬನ್ನಿ ಎಂದಿದ್ದರು. ಹೋದರೆ ಅಲ್ಲೇ ಇರಬೇಕು. ಮಗಳು, ಗಂಡ, ಅತ್ತೆ, ಮನೆ ಎಲ್ಲ ಬೈಲಹೊಂಗಲದಲ್ಲಿ. ಸೋಮವಾರದೊಳಗೆ ಒಂದಕ್ಕೆ ಹೂಂ, ಒಂದಕ್ಕೆ ಊಹೂಂ ಅನ್ನಬೇಕಿತ್ತು. ಪಾಚಿಯ ಜೊತೆ ಮನೆಯೋ, ಮನೆ ಬಿಟ್ಟು ಕಸವೋ?

ಊರಿಗೆ ಊರೇ ಧಾರವಾಡದ ಕಡೆ ನಿಂತಿತು. ಪಕ್ಕದ ಮನೆಯವರು ಅಲ್ಲಿಯ ನೀರು ಚೆನ್ನಾಗಿದೆ ಎಂದರು. ನಮ್ಮ ಮಾವನವರ ತಮ್ಮ ಚನ್ನಬಸಪ್ಪ ಕಾಕಾ ಎತ್ತಿನ ವ್ಯಾಪಾರದಲ್ಲಿ ಪಳಗಿದವರು. ಎತ್ತು, ವರ, ಹೊಲ ಯಾವುದನ್ನೇ ನೋಡಲಿ ಅವರ ಪ್ರಶ್ನೆಗಳು ಅವೇ. ಪಾಚಿ ಸುಳಿಶುದ್ಧ ಇದೆಯೋ ಎಂದು ಕೇಳುವುದೊಂದೇ ಬಾಕಿ. "ಇಲ್ಲಿ ಕಸಾ ಕಲಿಯಾಕ ಮೈಸೂರಿಗೆ ಯಾಕ ಹೋಗಬೇಕು ತಂಗಿ? ಬೇಕಾದ್ರ ನಮ್ಮ ಹೊಲಾನ ಬಿಟ್ಟುಕೊಡ್ತೇನಿ" ಎಂದರು. ಗಂಡನನ್ನು ಕೇಳಿದರೆ, ನಿನಗೆ ಹೇಗೆ ಅನ್ನಿಸುತ್ತದೋ ಹಾಗೆ ಮಾಡು ಎಂದರು. ಜಗತ್ತಿನ ಗಂಡಂದಿರೆಲ್ಲ ಸೇರಿ ಕಂಡುಹಿಡಿದ ಮಾತುಗಳಲ್ಲಿ ಇದರಷ್ಟು ಒಳ್ಳೆಯದು, ಇದರಷ್ಟು ಉಪಯೋಗವಿಲ್ಲದ್ದು ಇನ್ನೊಂದಿಲ್ಲ. ಮಗಳು ಪೂರ್ವಿ ಮಾತ್ರ ಮೈಸೂರಿಗೆ ಓಟು ಹಾಕಿದಳು, ಅಲ್ಲಿ ಜಿರಾಫೆ ಇದೆ ಎಂಬ ಕಾರಣಕ್ಕೆ.

ಅತ್ತೆಯದು ಎಲ್ಲರಿಗಿಂತ ಗಟ್ಟಿ ದನಿ. ಮೈಸೂರಿಗೆ ಬುತ್ತಿ ಮುಟ್ಟುವುದಿಲ್ಲ, ಅಲ್ಲಿಯವರು ಮೂರೂ ಹೊತ್ತು ಅನ್ನ ತಿನ್ನುತ್ತಾರೆ, ಅನ್ನ ತಿಂದು ಪಿಎಚ್‌ಡಿ ಆಗುವುದು ಹೇಗೆ? ಒಳಗೊಳಗೆ ನಾನೂ ಸೋಲುತ್ತಿದ್ದೆ. ಆದರೆ ಪ್ರವೇಶ ಪರೀಕ್ಷೆಯ ತಯಾರಿಗೆಂದು ಸ್ವಲ್ಪ ದಿನ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಿಬಂದಿದ್ದೆ, ಅದರ ನೆನಪು ಹಸಿಯಾಗಿತ್ತು. ಕಬ್ಬಿನ ಕಾಲ. ಕಿತ್ತೂರಿನ ಹತ್ತಿರ ಬಸ್ಸು ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿತೆಂದರೆ ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಹೊರಟ ಆ ಕಬ್ಬನ್ನೇ ನೋಡುತ್ತ ಕೂಡಬೇಕು. ಬಸ್ಸಿನಲ್ಲಿ ಓದುತ್ತೇನೆಂದು ಪುಸ್ತಕ ತೆರೆದವಳು ಕಿತ್ತೂರು ಬರುವ ಮೊದಲೇ ಪಕ್ಕದವರ ಹೆಗಲ ಮೇಲೆ ನಿದ್ದೆ ಹೋಗುತ್ತಿದ್ದೆ. ಮನೆಗೆ ಬಂದರೆ ಒಲೆ, ಪೂರ್ವಿಯ ಹೋಮ್‌ವರ್ಕು, ನಾಳೆಯ ಕಾಳು ನೆನೆ ಹಾಕುವುದು. ದಿನಾ ಬಸ್ಸಿನಲ್ಲಿ ಹೋಗಿಬಂದು ಪಿಎಚ್‌ಡಿ ಮುಗಿಸಿದ ಹೆಂಗಸರು ನಮ್ಮ ಕಡೆ ಇದ್ದಾರೆ. ಅವರಿಗೆ ಕೈಮುಗಿಯುತ್ತೇನೆ. ನಾನು ಆ ಜಾತಿಯವಳಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಧಾರವಾಡವೇ ಆಗಲಿ ಎಂದು ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದೆ. ಪಾಚಿಯೇನು ಬಡವರ ಮಗಳೇ? ಅದೂ ಸಸ್ಯವೇ ಅಲ್ಲವೇ?

ಇಂಥ ಹೊತ್ತಿನಲ್ಲಿ ಪೂರ್ವಿ ಊಟಕ್ಕೆ ಕೂತಾಗ ಒಂದು ಪ್ರಶ್ನೆ ಹಾಕಿದಳು. "ಅಜ್ಜಿ, ಮೈಸೂರಿಗೆ ಬುತ್ತಿ ಕಳಿಸಿ ನೋಡೀಯೇನ?" ಅತ್ತೆ ಕಾಕಾನ ಮುಖ ನೋಡಿದರು, ಕಾಕಾ ಅತ್ತೆಯ ಮುಖ ನೋಡಿದರು. ಹಲ್ಲು ನೋಡದೆ ಎತ್ತಿಗೆ ಬೆಲೆ ಕಟ್ಟಿದ ಅಪರಾಧ ಇಬ್ಬರಿಗೂ ಏಕಕಾಲಕ್ಕೆ ಹೊಳೆದಿರಬೇಕು. ನಾನು ಸಾರು ಬಡಿಸುತ್ತಿದ್ದೆ, ನನಗೇನೂ ಹೊಳೆಯಲಿಲ್ಲ.

ಮರುದಿನ ನಾನು ಕಾಲೇಜಿಗೆ ಹೋದ ಮೇಲೆ ಅತ್ತೆ ಅಟ್ಟದಿಂದ ಡಬ್ಬಿ ಇಳಿಸಿದ್ದಾರೆ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೇಲೆ ಹೊಲದ ಹಕ್ಕರಕಿ ಸೊಪ್ಪು ಒಂದು ಹಿಡಿ, ನೀಟಾಗಿ ಕಟ್ಟಿದ್ದಾರೆ. ಕಾಕಾ ಅದನ್ನು ಮೋಟರ್‌ಸೈಕಲ್ಲಿನಲ್ಲಿ ಕಿತ್ತೂರಿಗೆ ಒಯ್ದು, ಹೆದ್ದಾರಿಯಲ್ಲಿ ಮೈಸೂರಿನ ಬಸ್ಸು ನಿಲ್ಲಿಸಿ ಡ್ರೈವರನ ಕೈಗೆ ಕೊಟ್ಟಿದ್ದಾರೆ. ಮುಟ್ಟಿಸುವುದು ಯಾರಿಗೆ? ನಮ್ಮ ಮನೆಗೆ ಗೊತ್ತಿದ್ದ ಮೈಸೂರಿನ ಫೋನ್ ನಂಬರು ಒಂದೇ, ಮೇಡಂದು.

ಇದೆಲ್ಲ ನನಗೆ ತಿಳಿದದ್ದು ಅದರ ಮಾರನೆಯ ದಿನ ಬೆಳಿಗ್ಗೆ ಮೇಡಂ ಫೋನು ಮಾಡಿದಾಗ. ಆರು ಗಂಟೆಗೆ ಯಾರೋ ಡ್ರೈವರು ಅವರಿಗೆ ಫೋನು ಮಾಡಿ, ನಿಮ್ಮ ಬುತ್ತಿ ಬಂದೈತ್ರಿ, ಲಗೂನ ಬಂದು ಒಯ್ರಿ ಎಂದನಂತೆ. ನನ್ನದಲ್ಲ ಎಂದರೆ ಕೇಳಲೊಲ್ಲ. ತಾಯಿ ಕಟ್ಟಿದ ಬುತ್ತಿ ಬಸ್ಸಿನಲ್ಲಿ ಬಿಡಬಾರದ್ರಿ ಎಂದು ಅವರಿಗೇ ಬುದ್ಧಿ ಹೇಳಿದನಂತೆ. ಅವರು ಸ್ಕೂಟರ್ ಹತ್ತಿ ನಿಲ್ದಾಣಕ್ಕೆ ಹೋಗಿ ತಂದಿದ್ದಾರೆ. ಇಷ್ಟನ್ನು ಒಂದೇ ಸ್ವರದಲ್ಲಿ ಹೇಳಿ ಮೇಡಂ ಕೇಳಿದರು.

"ಸೀಟು ಒಪ್ಪಿಕೊಳ್ತೀರೋ ಇಲ್ಲವೋ ಅಂತ ಮೇಲ್ ಮಾಡಿ ಅಂದಿದ್ದೆ. ನೀವು ರೊಟ್ಟಿ ಕಳಿಸಿದ್ದೀರಿ. ಇದನ್ನ ನಾನು ಹೌದು ಅಂತ ತಗೋಬೇಕೋ, ಇಲ್ಲ ಅಂತಲೋ?"

ನನ್ನ ಉತ್ತರಕ್ಕೂ ಕಾಯದೆ ಮೇಡಂ, ವಿದ್ಯಾರ್ಥಿಗಳಿಂದ ನಾನು ಒಂದು ಹೂವೂ ತೆಗೆದುಕೊಳ್ಳುವುದಿಲ್ಲ, ಕೆಡುತ್ತದೆಂದು ವಿಭಾಗದಲ್ಲಿ ಹಂಚಿದ್ದೇನೆ, ಡಬ್ಬಿ ಇವತ್ತಿನ ಬಸ್ಸಿಗೆ ವಾಪಸ್ಸು ಬರುತ್ತದೆ, ಇನ್ನೊಮ್ಮೆ ಹೀಗೆ ಆಗಕೂಡದು ಎಂದು ಹೇಳಿ ಫೋನು ಇಟ್ಟುಬಿಟ್ಟರು.

ಅವತ್ತು ನಾನು ಮನೆಯಲ್ಲಿ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಗುರುವಿಗೆ ಲಂಚ ಕಳಿಸಿದ ಹಾಗಾಯಿತಲ್ಲ ಎಂದು ಕೂಗಾಡಿ, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಕಣ್ಣೀರು ಹಾಕಿದೆ. ಅಳುವಾಗ ಒಂದು ಗೊತ್ತಾಯಿತು. ಧಾರವಾಡವೇ ಆಗಲಿ ಎಂದು ಅಷ್ಟು ದಿನ ಹೇಳಿಕೊಳ್ಳುತ್ತಿದ್ದವಳು ಕಳೆದುಕೊಂಡೆನೆಂದು ಅಳುತ್ತಿದ್ದದ್ದು ಮೈಸೂರಿಗಾಗಿ. ಬೇಕಾದದ್ದು ಯಾವುದು ಎಂದು ತಿಳಿಯಲು ಅದು ಕೈತಪ್ಪಬೇಕಾಯಿತು. ಅತ್ತೆ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದರು. ಈ ಸಲ ಬಳಿಯಲು ಅವರ ಬಳಿ ಬಣ್ಣವೂ ಇರಲಿಲ್ಲ.

ಡಬ್ಬಿ ತರಲು ಮರುದಿನ ಕಾಕಾನ ಹಿಂದೆ ನಾನೂ ಕಿತ್ತೂರಿಗೆ ಹೋದೆ. ಡ್ರೈವರು ಕಿಟಕಿಯಿಂದಲೇ ಇಳಿಸಿದ. ಕಾಕಾ ಅದನ್ನು ಕೈಯಲ್ಲಿ ತೂಗಿ, ಒಮ್ಮೆ ಅಲುಗಿಸಿ, "ಬರೇ ಇಲ್ಲ ತಂಗಿ" ಎಂದರು. ಹಂಚಿದ್ದೇನೆಂದರೂ ರೊಟ್ಟಿಯನ್ನೇ ತಿರುಗಿ ಕಳಿಸಿದ್ದಾರೆ ಎಂದುಕೊಂಡೆ. ದಾರಿಯಲ್ಲಿ ತೆರೆಯುವುದು ನಮ್ಮಲ್ಲಿ ಪದ್ಧತಿಯಲ್ಲ. ಮನೆಯವರೆಗೂ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ.

ಪಡಸಾಲೆಯಲ್ಲಿ ಎಲ್ಲರೂ ಸುತ್ತ ಕೂತರು. ಅತ್ತೆ ಸುತಳಿ ಬಿಚ್ಚಿದರು. ಡಬ್ಬಿಯನ್ನು ಯಾರೋ ತೊಳೆದು, ಒರೆಸಿ, ಒಣಗಿಸಿದ್ದರು. ಒಳಗೆ ಕಾಗದದಲ್ಲಿ ಸುತ್ತಿದ ನಾಲ್ಕು ಅಚ್ಚು ಬೆಲ್ಲ. ಮಂಡ್ಯದ ಕಡೆಯದು. ಕಬ್ಬಿನ ಸೀಮೆಗೆ ಬೆಲ್ಲ ಕಳಿಸುವವರೂ ಇದ್ದಾರಲ್ಲ ಎಂದು ನನ್ನ ಗಂಡ ನಕ್ಕರು. ಕಾಕಾ ಮೂಲೆ ಮುರಿದು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಚೀಪಿ, ನಮ್ಮ ಬೆಲ್ಲದ ಸಮ ಇಲ್ಲ, ಆದರೆ ಕಲಬೆರಕೆ ಮಾಡಿಲ್ಲ ಎಂದು ತೀರ್ಪು ಕೊಟ್ಟರು.

ಅತ್ತೆ ಬೆಲ್ಲ ಮುಟ್ಟಲಿಲ್ಲ. ಡಬ್ಬಿಯ ಒಳಗೆ ಸುತ್ತಲೂ ಕೈಯಾಡಿಸಿ ನೋಡಿದರು.

"ಸಿಟ್ಟಿನಾಗೂ ಭಾಂಡೆ ಬರೇ ಕಳಿಸಿಲ್ಲ ಅಕಿ" ಎಂದರು. "ಅಕಿ ಕಡೆ ನಿನ್ನ ಬಿಡಬೋದು. ಮೈಸೂರಿಗೆ ಹೂಂ ಅನ್ನು."

ಈಗ ಹಿಂದೆ ಸರಿದವಳು ನಾನು. ಮನುಷ್ಯರ ಮನಸ್ಸು ಎಂಥದ್ದು ನೋಡಿ. ಬಾಗಿಲು ಮುಚ್ಚಿದೆ ಎಂದಾಗ ಅತ್ತವಳು, ತೆರೆದಿದೆ ಎಂದಾಗ ಹೊಸ್ತಿಲಲ್ಲಿ ಕಾಲು ಎಡವಿದೆ. ಎದುರಿಗೆ ಪೂರ್ವಿ ಬೆಲ್ಲ ನೆಕ್ಕುತ್ತ ಕೂತಿದ್ದಳು, ಅವಳ ಒಂದು ಜಡೆ ಬಿಚ್ಚಿಹೋಗಿತ್ತು. ಧಾರವಾಡ ಆದ್ರ ದಿನಾ ಮನಿಗೆ ಬರತೇನ್ರಿ ಅತ್ತೀ, ಎಂದೆ.

ಅತ್ತೆ ಡಬ್ಬಿಯನ್ನು ನನ್ನ ಮುಂದೆ ಸರಿಸಿದರು.

"ಇದೂ ದಿನಾ ಮನಿಗೆ ಬರತಿತ್ತು. ವರ್ಷಾನಗಟ್ಲೆ ಧಾರವಾಡಕ್ಕ ಹೋಗಿ ಬಂದೈತಿ ಇದು. ಅಲ್ಲೇ ಉಳಿದ ಹುಡುಗ್ರು ಓದಿದ್ರು. ಹೊಳ್ಳಿ ಬಂದ ಡಬ್ಬಿ ಏನರ ಡಿಗ್ರಿ ತಗೊಂತೇನು?"

ಕಾಕಾ ಚೀಪುವುದನ್ನು ನಿಲ್ಲಿಸಿದರು. ನನ್ನ ಗಂಡ ಎದ್ದು, ಪೂರ್ವಿಯನ್ನು ಮುಂದೆ ಕೂಡಿಸಿಕೊಂಡು, ಬಿಚ್ಚಿದ ಜಡೆಯನ್ನು ಹೆಣೆಯಲು ಶುರುಮಾಡಿದರು. ಹಗ್ಗ ಹೊಸೆದ ಹಾಗೆ ಹೆಣೆದರು, ನಿಜ. ಆದರೆ ನಿನಗೆ ಅನ್ನಿಸಿದ ಹಾಗೆ ಮಾಡು ಎನ್ನುವ ಮಾತಿಗೆ ಅವರ ಕೈಯಲ್ಲಿ ಅವತ್ತು ಮೊದಲ ಸಲ ಅರ್ಥ ಬಂತು. ಸೋಮವಾರದವರೆಗೆ ಕಾಯಲಿಲ್ಲ. ಅಲ್ಲೇ ಕೂತು ಮೇಡಂಗೆ ಮೇಲ್ ಮಾಡಿದೆ. ಧಾರವಾಡದ ಸರ್‌ಗೆ ಫೋನು ಮಾಡಿದರೆ ಅವರು, ಒಳ್ಳೆಯದಾಯಿತು, ಪಾಚಿಯ ಮೇಲೆ ಪ್ರೀತಿ ಇದ್ದವರಿಗೆ ಆ ಜಾಗ ಸಿಗಲಿ ಎಂದು ಹರಸಿದರು.

ಹೊರಡುವ ದಿನ ಅತ್ತೆ ಅದೇ ಡಬ್ಬಿಯಲ್ಲಿ ಖಡಕ್ ರೊಟ್ಟಿ ತುಂಬಿ ಕೊಟ್ಟರು. ತಿಂಗಳಿಟ್ಟರೂ ಕೆಡುವುದಿಲ್ಲ. ಇನ್ನು ಬಸ್ಸಿಗೆ ಬುತ್ತಿ ಇಡುವುದಿಲ್ಲ, ಮೇಡಂ ಬೈತಾರೆ ಎಂದರು. ಇಲ್ಲಿಗೆ ಬಂದು ಮೇಡಂ ಎದುರು ತಲೆ ತಗ್ಗಿಸಿ ನಿಂತಾಗ ಅವರು ಆ ರಂಪದ ಸುದ್ದಿಯನ್ನೇ ಎತ್ತಲಿಲ್ಲ. ರೊಟ್ಟಿಯ ಮೇಲೆ ಇಟ್ಟಿದ್ದ ಹಸಿ ಎಲೆ ಯಾವುದು ಎಂದು ಮಾತ್ರ ಕೇಳಿದರು. ಹಕ್ಕರಕಿ ಎಂದೆ, ಜೋಳದ ಹೊಲದ ಕಸ, ನಾವು ತಿನ್ನುತ್ತೇವೆ. ಹಾಗಾದರೆ ಅಲ್ಲಿಂದಲೇ ಶುರುಮಾಡಿ ಎಂದರು. ಮಳೆಗಾಲಕ್ಕೆ ನಮ್ಮ ಹೊಲಗಳಿಗೇ ಕೆಲಸಕ್ಕೆ ಹೋಗಬೇಕು. ಕಾಕಾ ಈಗಲೇ ಎರಡು ಸಾಲು ಕಸ ತೆಗೆಸದೆ ಬಿಡುತ್ತೇನೆಂದು ಮಾತು ಕೊಟ್ಟಿದ್ದಾರೆ.

ರೊಟ್ಟಿ ಮುಗಿದು ಬಹಳ ದಿನವಾಯಿತು. ಡಬ್ಬಿಯಲ್ಲಿ ಈಗ ಬೀಜದ ಪೊಟ್ಟಣಗಳಿವೆ. ಪೂರ್ವಿ ವಾರಕ್ಕೊಮ್ಮೆ ವಿಡಿಯೋದಲ್ಲಿ ಜಡೆ ತೋರಿಸುತ್ತಾಳೆ, ಈಚೆಗೆ ಸುಧಾರಿಸಿದೆ. ಅವಳು ಫೋನು ಇಟ್ಟ ಮೇಲೆ ನಾನು ಸ್ವಲ್ಪ ಹೊತ್ತು ಪುಸ್ತಕ ತೆರೆಯುವುದಿಲ್ಲ. ಚೈತ್ರಾಗೆ ಇದು ಗೊತ್ತು, ಚಹಾಕ್ಕೆ ಇಡುತ್ತಾಳೆ.

ಅತ್ತೆಯ ಫೋನು ಬೇರೆ. ಅವರು ನನ್ನನ್ನು ಹೇಗಿದ್ದೀ, ಉಂಡೆಯಾ ಎಂದು ಒಮ್ಮೆಯೂ ಕೇಳಿದವರಲ್ಲ. ಅತ್ತೆ ಸೊಸೆಯರ ನಡುವೆ ಅಂಥ ಮಾತು ನಮ್ಮಲ್ಲಿ ಅಷ್ಟಾಗಿ ಬಳಕೆಯಲ್ಲಿಲ್ಲ. ಅವರು ಕೇಳುವುದು ಡಬ್ಬಿಯನ್ನು. ನಿನ್ನೆಯೂ ಕೇಳಿದರು.

"ಡಬ್ಬಿ ಏನ ಮಾಡಾಕ ಹತ್ತೇತಿ?"

"ಓದಾಕ ಹತ್ತೇತ್ರಿ ಅತ್ತೀ."

"ಹಂಗಾರ ಅಲ್ಲೇ ಇರ್ಲಿ ಬಿಡು" ಎಂದರು. ಆದರೆ ಫೋನು ಇಡಲಿಲ್ಲ.